ಮುಚ್ಚಳ ಕೂರದ ಲಾಂಛನ

ಸೂರ್ಯ ಇನ್ನೂ ಮೂಡಿಲ್ಲ. ಹವಳದ್ವೀಪದ ನಡುವಿನ ಒಳಗಡಲಿನಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತ ಮುದುಕ ಪೆನೆಹೆ ಬಗ್ಗಿ ಎರಡು ಹವಳದ ಕಲ್ಲುಗಳನ್ನು ಪಕ್ಕಕ್ಕೆ ಸರಿಸುತ್ತಾರೆ. ಆ ಕಲ್ಲುಗಳ ಭಾರಕ್ಕೆ ರಾತ್ರಿಯೆಲ್ಲ ಮುಳುಗಿದ್ದ ಮರದ ಪೆಟ್ಟಿಗೆ ಮೆಲ್ಲಗೆ ಮೇಲೆ ಬರುತ್ತದೆ. ಮೆಲ್ಲಗೆ ಬಂದಿತೆಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ, ಸರಿಯಾದ ಪೆಟ್ಟಿಗೆ ಚಂಗನೆ ನೆಗೆಯಬೇಕು. ಆದರೂ ದಡಕ್ಕೆ ತಂದು, ಒರೆಸಿ, ಹುರಿ ಬಿಚ್ಚಿ ಮುಚ್ಚಳ ತೆಗೆಯುತ್ತಾರೆ. ಒಳಗಿರುವುದು ಒಂದು ಬೆಂಕಿಪೊಟ್ಟಣ. ಕಡ್ಡಿ ಗೀರುತ್ತಾರೆ. ಹತ್ತುವುದಿಲ್ಲ. ಇನ್ನೊಂದು ಗೀರುತ್ತಾರೆ, ಅದರ ಮದ್ದು ಕಿತ್ತು ಬೆರಳಿಗೆ ಅಂಟುತ್ತದೆ.

"ಥೂ ನಿನ್ನ! ಇವತ್ತಿಗೆ ಐದನೇ ಪೊಟ್ಟಣ ಕಣಪ್ಪ. ಶುಕ್ರವಾರ ಹಡಗು ಬರುತ್ತೆ. ನಾನೇನು ಕೊಟ್ಟು ಕಳಿಸ್ಲಿ?" ಎಂದು ಪೆಟ್ಟಿಗೆಯನ್ನೇ ಬೈಯುತ್ತಾರೆ.

ಈ ಪೆಟ್ಟಿಗೆಯ ಹೆಸರು ತುಲುಮ. ಪೆಸಿಫಿಕ್ ಸಾಗರದ ಟೊಕೆಲಾವಿನ ಮೀನುಗಾರರು ಗಾಳ, ದಾರ, ಹೊಗೆಸೊಪ್ಪು, ಬೆಂಕಿಕಡ್ಡಿಗಳನ್ನು ತುಂಬಿಕೊಂಡು ಹೋಗುವ ಪೆಟ್ಟಿಗೆ. ದೋಣಿ ಮಗುಚಿದರೆ ಇದು ತೇಲುತ್ತದೆ, ಒಳಗಿನ ಸಾಮಾನು ಒಣಗಿಯೇ ಇರುತ್ತದೆ, ಇದನ್ನು ಅವುಚಿಕೊಂಡ ಮನುಷ್ಯನೂ ಬದುಕುತ್ತಾನೆ. ಅದಕ್ಕೇ ನಾಡಿನ ಲಾಂಛನದಲ್ಲಿ ಸಿಂಹವೂ ಇಲ್ಲ, ಕತ್ತಿಯೂ ಇಲ್ಲ, ಈ ಪೆಟ್ಟಿಗೆ ಇದೆ. ಸರ್ಕಾರದ ಕಾಗದದ ನೆತ್ತಿಯಲ್ಲೂ ಇದೇ. ಆ ಸರ್ಕಾರಕ್ಕೆ ರಾಜಧಾನಿಯಿಲ್ಲ. ಮೂರು ಹವಳದ್ವೀಪಗಳು, ವರ್ಷಕ್ಕೊಂದು ದ್ವೀಪದ ಸರದಿ, ಮುಖ್ಯಸ್ಥನ ಪಟ್ಟ ಹಡಗು ಹತ್ತಿ ಊರಿಂದೂರಿಗೆ ಹೋಗುತ್ತದೆ. ಈ ಸಲ ಪಟ್ಟದ ಜೊತೆಗೆ ನಿಜವಾದ ತುಲುಮವೊಂದನ್ನೂ ಕಳಿಸಬೇಕೆಂದು ಊರಿನವರಿಗೆ ಆಸೆ ಹುಟ್ಟಿದೆ. ಅದನ್ನು ಕೆತ್ತಬಲ್ಲವರು ಈ ಊರಿನಲ್ಲಿ ಉಳಿದಿರುವುದು ಒಬ್ಬರೇ. ಅವರಿಗೆ ಎಪ್ಪತ್ತೊಂದು ವರ್ಷ, ಎಡಗಣ್ಣಿಗೆ ಪೊರೆ.

ಪೆನೆಹೆ ಈವರೆಗೆ ನೂರ ಮೂವತ್ತೊಂದು ಪೆಟ್ಟಿಗೆ ಕೆತ್ತಿದ್ದಾರೆ. ಒಂದಕ್ಕೆ ನಲವತ್ತು ದಿನ. ಭಾನುವಾರ ಬಾಚಿ ಮುಟ್ಟುವಂತಿಲ್ಲ, ದೇವರ ದಿನ. ಪೆಟ್ಟಿಗೆ ಮತ್ತು ಮುಚ್ಚಳ ಒಂದೇ ಕನವ ಮರದ ಒಂದೇ ಬೊಡ್ಡೆಯಿಂದ ಬರಬೇಕು ಎಂಬುದು ಸೋದರಮಾವ ಕಲಿಸಿದ ಮೊದಲ ಪಾಠ. ಒಂದೇ ತಾಯಿಯ ಮಕ್ಕಳಾದರೆ ನೀರಿನಲ್ಲಿ ಒಟ್ಟಿಗೆ ಉಬ್ಬುತ್ತವೆ, ಬಿಸಿಲಿನಲ್ಲಿ ಒಟ್ಟಿಗೆ ಕುಗ್ಗುತ್ತವೆ.

ಈಗ ಆ ತಾಯಿಯೇ ಇಲ್ಲ. ಕೆಲಸ ಕಲಿಯುವ ಕಾಲದಲ್ಲಿ ಮಾವನ ಜೊತೆ ಒಳಗಡಲಿನ ಆಚೆ ದಿಬ್ಬದಲ್ಲಿ ಎಣಿಸಿದಾಗ ದಪ್ಪ ಕನವಗಳು ನಲವತ್ತಮೂರು ಇದ್ದವು. ಈ ವರ್ಷದ ಮೊದಲಲ್ಲಿ ಉಳಿದಿದ್ದು ಒಂದು. ಉಪ್ಪುನೀರು ಅದರ ಬೇರಿಗೆ ಹೊಕ್ಕಿತ್ತು. ಕಡಿದು ನೋಡಿದರೆ ತಿರುಳು ಹಿಟ್ಟು ಹಿಟ್ಟು. ಹೇಗೋ ಹೆಣಗಿ ಪೆಟ್ಟಿಗೆಯಷ್ಟನ್ನು ತೆಗೆದರು. ಮುಚ್ಚಳಕ್ಕೆ ಹಲಸಿನ ಜಾತಿಯ ಬ್ರೆಡ್‌ಫ್ರೂಟ್ ಮರವೇ ಗತಿಯಾಯಿತು. ಒಣಗಿದ್ದಾಗ ಅದು ಸೊಗಸಾಗಿ ಕೂರುತ್ತದೆ, ನೀರಿಗಿಳಿದರೆ ಎರಡಕ್ಕೂ ಎಣ್ಣೆ ಸೀಗೇಕಾಯಿ.

ಕೆಲಸದ ಚಪ್ಪರದಿಂದ ಎದುರಿಗೇ ಬಾವುಟದ ಕಂಬ ಕಾಣುತ್ತದೆ. ಪೆನೆಹೆ ಅದಕ್ಕೆ ಬೆನ್ನು ಹಾಕಿಯೇ ಕೂರುತ್ತಾರೆ. ಕಾರಣ ಕೇಳಿದರೆ ಕೈಯಲ್ಲಿದ್ದ ಮುಚ್ಚಳವನ್ನು ಪಕ್ಕಕ್ಕಿಡುತ್ತಾರೆ.

"ಬಾವುಟ ಹೊಸದಾಗಿ ಬಂದ ವರ್ಷ ಅದು," ಎನ್ನುತ್ತಾರೆ. "ಕಬ್ಬಿಣದ ಕಂಬ ಬೇಡ, ನಮ್ಮ ಮಣ್ಣಿನ ಮರಾನೇ ಆಗ್ಬೇಕು ಅಂದ್ರು ಹಿರೀಕರು. ಕನವ ಅಂದ್ರೆ ಸೊಟ್ಟ ಸೊಟ್ಟ ಬೆಳೆಯೋ ಜಾತಿ. ನೆಟ್ಟಗೆ ಇದ್ದಿದ್ದು ಒಂದೇ ಒಂದು ಎಳೇ ಮರ. ಅದನ್ನ ಬೆಟ್ಟು ಮಾಡಿ ತೋರಿಸಿದೋನು ನಾನೇ. ಕಡಿದ ದಿನ ಎಲ್ರಿಗಿಂತ ಜೋರಾಗಿ ಕುಣಿದೋನೂ ನಾನೇ! ಬಿಟ್ಟಿದ್ರೆ ಇಷ್ಟೊತ್ತಿಗೆ ಪೆಟ್ಟಿಗೆ, ಮುಚ್ಚಳ ಎರಡೂ ಅದ್ರಲ್ಲೇ ಆಗೋದು. ಬೀಜಾನಾದ್ರೂ ಉದುರಿಸ್ತಿತ್ತು. ಅನುಭವಿಸ್ಬೇಕು ಈಗ."

ಆ ಕಂಬವನ್ನು ಕೊಯ್ದರೂ ಉಪಯೋಗವಿಲ್ಲ, ಅದು ಮುಂಗೈಯಷ್ಟೇ ದಪ್ಪ. ಮುಚ್ಚಳಕ್ಕೆ ಎರಡು ಗೇಣು ಬೇಕು. ಕಂಬದ ತುದಿಯಲ್ಲಿ, ಬಾವುಟದ ಮೇಲೆ ಬಿಡಿಸಿದ ಹಳದಿ ದೋಣಿ ನಕ್ಷತ್ರಗಳತ್ತ ಹೊರಟೇ ಇದೆ.

ಹೆಂಡತಿ ಮೆಲೆ ತೆಂಗಿನ ನೀರಾ ಇರುವ ಚಿಪ್ಪು ಹಿಡಿದು ಬರುತ್ತಾರೆ. "ಪೆಟ್ಟಿಗೆ ಸೋರೋದು ಹಾಗಿರ್ಲಿ, ನಿನ್ನ ಮೂಗು ಸೋರ್ತಿದೆ ನೋಡ್ಕೊ. ದಿನಾ ಬೆಳಗ್ಗೆ ನೀರಲ್ಲಿ ನಿಂತು ನಿಂತು ಮೀನಾಗ್ತೀಯ."

"ಮೀನಾದ್ರೆ ಒಳ್ಳೇದೇ ಬಿಡು. ಊರೆಲ್ಲ ಸಮಪಾಲು ಹಂಚ್ಕೊಂಡು ತಿನ್ಲಿ. ಹಾಗಾದ್ರೂ ಉಪಯೋಗಕ್ಕೆ ಬರ್ತೀನಿ."

ಪಟ್ಟ ಕಳಿಸಿಕೊಡುವ ಸಮಾರಂಭದ ಉಸ್ತುವಾರಿ ಹೊತ್ತಿರುವ ಕೋಲಿಯೊ ಮಧ್ಯಾಹ್ನ ಬರುತ್ತಾನೆ, ಪೆನೆಹೆಯ ತಂಗಿಯ ಅಳಿಯ. ಒಳ್ಳೆಯವನೇ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವನು. ಪೆಟ್ಟಿಗೆಯನ್ನು ತಿರುಗಿಸಿ ನೋಡಿ, "ಅಯ್ಯೋ, ಎಷ್ಟು ಚೆನ್ನಾಗಿದೆ ಅಜ್ಜಾ! ಇನ್ನೇನು ಕೊರಗು?" ಎನ್ನುತ್ತಾನೆ.

"ಸೋರುತ್ತೆ."

"ಸೋರ್ಲಿ ಬಿಡಜ್ಜ. ಗಾಜಿನ ಬೀರುವಲ್ಲಿ ಇಡ್ತಾರೆ. ಅಲ್ಲಿಗೇನು ಸಮುದ್ರ ಬರುತ್ತಾ?"

"ಬರಲ್ವೇನೋ? ಹೋದ ಹುಣ್ಣಿಮೆಗೆ ಸಭೆಮನೆ ಒಳಗೆ ಮೊಣಕಾಲು ಮಟ್ಟ ಬಂದಿದ್ದು ಯಾರು, ನಿಮ್ಮ ಮಾವನಾ?"

ಕೋಲಿಯೊನ ನಗು ಅರ್ಧಕ್ಕೇ ನಿಲ್ಲುತ್ತದೆ. "ಹಾಗಾದ್ರೆ ಅಂಟು ಹಾಕಿ ಮುಚ್ಚಿಬಿಡೋಣ. ತೆಗೆಯೋರ್ಯಾರು?"

"ತೆಗೆಯೋಕೆ ಬಾರದ ಪೆಟ್ಟಿಗೆ ಹೆಣಕ್ಕೆ ಮಾತ್ರ ಮಾಡ್ತಾರೆ ಕಣೋ."

ಕೋಲಿಯೊ ಸ್ವತಃ ಮೀನಿಗೆ ಹೋಗುವಾಗ ಒಯ್ಯುವುದು ತಿರುಪು ಮುಚ್ಚಳದ ನೀಲಿ ಪ್ಲಾಸ್ಟಿಕ್ ಡಬ್ಬ. ಊರಿನ ಎಲ್ಲ ದೋಣಿಗಳಲ್ಲೂ ಅಂಥದ್ದೇ. ತಪ್ಪೇನಿದೆ? ಸೋರುವುದಿಲ್ಲ, ಮರ ಕಡಿಯಬೇಕಿಲ್ಲ. ಪೆನೆಹೆಗೂ ಇದು ಗೊತ್ತು. ಗೊತ್ತಿರುವುದರಿಂದಲೇ ಸಂಕಟ. ಬುಧವಾರ ಮುಚ್ಚಳದ ಅಂಚನ್ನು ಮತ್ತೆ ಹೆರೆಯುತ್ತಾರೆ, ತೆಂಗಿನ ನಾರು ತುರುಕಿ ನೋಡುತ್ತಾರೆ. ಗುರುವಾರ ಬೆಳಗ್ಗೆ ಏಳನೆಯ ಪೊಟ್ಟಣವೂ ಒದ್ದೆ. ಬಾಚಿಯನ್ನು ಬಟ್ಟೆಯಲ್ಲಿ ಸುತ್ತಿ ಸೂರಿಗೆ ಸಿಕ್ಕಿಸುತ್ತಾರೆ. ಇನ್ನು ಅದಕ್ಕೆ ಮರವೆಲ್ಲಿದೆ?

ಶುಕ್ರವಾರ ದಡದ ತುಂಬ ಜನ. ಹೆಂಗಸರು ಹಾಡುತ್ತಾರೆ, ಗಂಡಸರು ಮರದ ಡಬ್ಬ ಬಡಿದು ಕುಣಿಯುತ್ತಾರೆ, ಹೂವಿನ ಹಾರ ತೊಡಿಸಿದ ಪೆಟ್ಟಿಗೆ ಕೈಯಿಂದ ಕೈಗೆ ಸಾಗುತ್ತದೆ. ಕೆತ್ತಿದವರ ಹೆಸರು ಭಾಷಣದಲ್ಲಿ ಬರುವುದಿಲ್ಲ. ಪೆನೆಹೆಗೆ ಅದರ ಬೇಸರವಿಲ್ಲ, ಇಂದಂತೂ ಅದೇ ನೆಮ್ಮದಿ. ಪ್ರತಿ ಪೆಟ್ಟಿಗೆಯ ಮುಚ್ಚಳದೊಳಗೆ ಮಾವನ ಮನೆತನದ ಗುರುತಾಗಿ ಮೂರು ಗೀರು ಹಾಕುವುದು ಅವರ ಪದ್ಧತಿ. ನೂರ ಮೂವತ್ತೆರಡನೆಯದರ ಒಳಗೆ ಒಂದು ಗೀರೂ ಇಲ್ಲ.

ದೋಣಿ ಹಡಗಿನತ್ತ ಹೊರಡುವ ಮೊದಲು ಅವರು ಜನರ ನಡುವೆ ನುಗ್ಗಿ ಕೋಲಿಯೊನ ತೋಳು ಹಿಡಿಯುತ್ತಾರೆ. ಮುಖದಲ್ಲಿ ನಗುವಿಲ್ಲ.

"ಒಂದೇ ಒಂದು ಮಾತು ನಡೆಸಿಕೊಡಪ್ಪ. ದಾರೀಲಿ ಏನಾದ್ರೂ ಹೆಚ್ಚುಕಮ್ಮಿ ಆಗಿ ನೀರಿಗೆ ಬಿದ್ರೆ, ಲಾಂಛನ ಅಂತ ಇದನ್ನ ತಬ್ಕೋಬೇಡಿ ಅಂತ ಎಲ್ರಿಗೂ ಹೇಳು. ನಿನ್ನ ಆ ನೀಲಿ ಡಬ್ಬ ಹಿಡ್ಕೊಳ್ಳಿ."