ಅಡಿಟಿಪ್ಪಣಿಯ ಕೊನೆಯ ಸಾಲು

ಗುರುಬಸಪ್ಪ ಇನ್ನೊಬ್ಬರಿಗಾಗಿ ಒಂದು ಕಡ್ಡಿಯನ್ನೂ ಎತ್ತಿಡುವ ಮನುಷ್ಯನಲ್ಲ. ಬಿಟ್ಟಿ ಸಿಕ್ಕಿದ್ದನ್ನು ಬಿಡುವುದಿಲ್ಲ, ಬಿಟ್ಟಿಯಾಗಿ ಏನನ್ನೂ ಕೊಡುವುದಿಲ್ಲ. ತ್ಯಾಗರಾಜನಗರದಲ್ಲಿದ್ದ ಆತನ ಟೈಪಿಂಗ್ ಅಂಗಡಿಗೆ ನಾನು ಇಪ್ಪತ್ತೆರಡು ವರ್ಷ ನನ್ನ ಸಂಶೋಧನಾ ವಿದ್ಯಾರ್ಥಿಗಳನ್ನು ಕಳಿಸಿದ್ದೇನೆ, ಆದ್ದರಿಂದ ಈ ಮಾತನ್ನು ತಿಳಿದೇ ಹೇಳುತ್ತಿದ್ದೇನೆ. ಕೆಲಸ ಚೊಕ್ಕ, ಮಾತು ಒರಟು. ಅರ್ಜಿಯ ಒಕ್ಕಣೆ ಹೇಗಿರಬೇಕೆಂದು ಯಾರಾದರೂ ಕೇಳಿದರೆ, ಇದು ಪಾಠ ಹೇಳುವ ಅಂಗಡಿಯಲ್ಲ ಎಂದು ಮುಖ ತಿರುಗಿಸುತ್ತಿದ್ದ.

ಆತನ ಕೈ ಪಳಗಿದ್ದು ಟೈಪ್‌ರೈಟರಿನ ಮೇಲೆ. ಕಂಪ್ಯೂಟರ್ ಬಂದ ಮೇಲೂ ಆ ಕಾಲದ ಒಂದು ನಂಬಿಕೆ ಉಳಿಯಿತು: ಹೊಡೆದ ಅಕ್ಷರ ಹೊಡೆದಲ್ಲೇ ಇರುತ್ತದೆ, ಎದ್ದು ಓಡಾಡುವುದಿಲ್ಲ. ಹೊಡೆಯುವಾಗ ಒಮ್ಮೆ ಓದುತ್ತಿದ್ದ, ಮುದ್ರಿಸಿದ ಮೇಲೆ ತಿರುಗಿ ನೋಡುತ್ತಿರಲಿಲ್ಲ.

ಹೋದ ವರ್ಷ ಆತನ ಹಳೆಯ ಕಂಪ್ಯೂಟರ್ ಕೆಟ್ಟಿತು. ಹೊಸದರಲ್ಲಿ ಎಲ್ಲರೂ ಬಳಸುವ ಆಫೀಸ್ ತಂತ್ರಾಂಶ ಬೇಕಿದ್ದರೆ ವರ್ಷವರ್ಷ ಚಂದಾ ಕಟ್ಟಬೇಕು. ಕಟ್ಟಿಬಿಡಿ, ವಿಶ್ವವಿದ್ಯಾಲಯದವರೂ ಮುದ್ರಿಸುವವರೂ ಅದನ್ನೇ ಇಟ್ಟುಕೊಂಡಿದ್ದಾರೆ ಎಂದು ನಾನೇ ಹೇಳಿದೆ.

"ಟೈಪ್‌ರೈಟರ್‌ಗೆ ಬಾಡಿಗೆ ಕಟ್ಟಿದ್ನಾ ಮೇಡಂ? ಸುಮ್ನೆ ಸಿಗೋದು ಇನ್ನೊಂದಿದೆ."

ಆ ಇನ್ನೊಂದನ್ನು ತಾನೇ ಹಾಕಿಕೊಂಡ. ಮೊದಲ ಕೆಲವು ತಿಂಗಳು ತೊಂದರೆಯಾಗಲಿಲ್ಲ. ಆಗ ಬಂದದ್ದೆಲ್ಲ ಅರ್ಜಿ, ಕರಾರುಪತ್ರ. ತನ್ನ ಪ್ರಿಂಟರಿನಲ್ಲೇ ತೆಗೆದುಕೊಟ್ಟ. ಆದರೆ ಆತನ ಹೊಟ್ಟೆ ತುಂಬುತ್ತಿದ್ದದ್ದು ಪ್ರಬಂಧಗಳಿಂದ, ನಾನು ನಿವೃತ್ತಳಾದ ಮೇಲೆ ಅವು ಬರುತ್ತಿದ್ದದ್ದು ಒಂದೇ ಕಡೆಯಿಂದ: ನನ್ನ ಶಿಷ್ಯೆ, ಈಗ ತಾನೇ ಮಾರ್ಗದರ್ಶಕಿಯಾಗಿರುವ ಸತ್ಯಭಾಮಾ ಕಳಿಸುವ ವಿದ್ಯಾರ್ಥಿಗಳಿಂದ. ಆ ನಂಟು ಕಡಿದರೆ ಅಂಗಡಿ ಇಲ್ಲ.

ಈ ಮಾರ್ಚಿನಲ್ಲಿ ಆಕೆ ಮೇಘಶ್ರೀ ಎಂಬ ಹುಡುಗಿಯನ್ನು ಕಳಿಸಿದಳು. ಶಾಸನಗಳ ಮೇಲಿನ ಪ್ರಬಂಧ, ಮುನ್ನೂರ ನಲವತ್ತು ಪುಟ, ಉದ್ದುದ್ದ ಅಡಿಟಿಪ್ಪಣಿಗಳು. ಗುರುಬಸಪ್ಪ ಹೊಡೆದು ಮುಗಿಸಿ, ಕಡತವನ್ನು ಪೆನ್‌ಡ್ರೈವಿನಲ್ಲಿ ಪಕ್ಕದ ಮರೆಪ್ಪನ ಅಂಗಡಿಗೆ ಕೊಟ್ಟ. ದೊಡ್ಡ ಮುದ್ರಣ, ಬೈಂಡಿಂಗ್ ಎಲ್ಲ ಅಲ್ಲೇ. ಪುಟಗಳು ಕದಲದಂತೆ ಪಿಡಿಎಫ್ ಮಾಡಿ ಕೊಡಬೇಕಿತ್ತು. ಕೊಡಲಿಲ್ಲ, ಅಕ್ಷರ ಓಡಾಡುವುದಿಲ್ಲವಲ್ಲ. ಮರೆಪ್ಪನ ಕಂಪ್ಯೂಟರಿನಲ್ಲಿದ್ದದ್ದು ಚಂದಾ ತಂತ್ರಾಂಶ. ಅದರಲ್ಲಿ ಕಡತ ತೆರೆದಾಗ ಉದ್ದನೆಯ ಟಿಪ್ಪಣಿಗಳು ಕೆಳಕ್ಕೆ ಜಾರಿ, ಕೊನೆಯ ಸಾಲು ಕಾಗದದ ಅಂಚಿನಾಚೆ ಹೋಯಿತು. ಕಪ್ಪು ರೆಕ್ಸಿನ್, ಚಿನ್ನದ ಅಕ್ಷರ, ಐದು ಪ್ರತಿ. ಸಲ್ಲಿಸುವ ಕಡೆಯ ದಿನ ಬೆಳಿಗ್ಗೆ, ಪ್ರಮಾಣಪತ್ರಕ್ಕೆ ಸಹಿ ಹಾಕುತ್ತ ಪುಟ ತಿರುವಿದ ಸತ್ಯಭಾಮಾಳಿಗೆ ಅದು ಕಂಡಿತು.

ಮೇಘಶ್ರೀ ಐದೂ ಪ್ರತಿ ಹೊತ್ತು ಅಂಗಡಿಗೆ ಬಂದಾಗ ನಾನು ಅಲ್ಲೇ ಇದ್ದೆ. ಅವಳು ಅಳಲಿಲ್ಲ. "ಅಂಕಲ್, ನಲವತ್ತೊಂದು ಟಿಪ್ಪಣಿಗೆ ಕೊನೆ ಸಾಲೇ ಇಲ್ಲ. ಶಾಸನದ ನಂಬರ್ ಎಲ್ಲಾ ಅಲ್ಲೇ ಇದ್ದಿದ್ದು."

"ನಾನು ಹೊಡ್ದಿದ್ದೀನಮ್ಮ. ಇಲ್ಲಿ ಇದೆ, ನೋಡು."

ಇತ್ತು. ಅವನ ಪರದೆಯ ಮೇಲೆ ಒಂದು ಸಾಲೂ ಹೋಗಿರಲಿಲ್ಲ. ಬಾಗಿಲಿಗೆ ಬಂದ ಮರೆಪ್ಪ, "ನಿಮ್ ಬಿಟ್ಟಿ ಸಾಮಾನು ನಮ್ ಮೆಷಿನ್‌ಗೆ ಹಿಡಿಸ್ಲಿಲ್ಲ ಅಣ್ಣ" ಎಂದ. ಗುರುಬಸಪ್ಪ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ. ಹುಡುಗಿಯ ಕ್ಷಮೆ ಕೇಳಲಿಲ್ಲ.

ಮತ್ತೆ ಮುದ್ರಿಸಿ ಬೈಂಡ್ ಮಾಡಿಸುವಷ್ಟರಲ್ಲಿ ಗಡುವು ತಪ್ಪಿತು. ವಿಸ್ತರಣೆ ಸಿಗುವಷ್ಟರಲ್ಲಿ ಮೇಘಶ್ರೀ ಕಾಯುತ್ತಿದ್ದ ಅಧ್ಯಾಪಕಿಯ ಹುದ್ದೆ ಬೇರೆಯವರ ಪಾಲಾಯಿತು. ಸತ್ಯಭಾಮಾ ಫೋನಿನಲ್ಲಿ, "ಇನ್ನು ಯಾರನ್ನೂ ಅಲ್ಲಿಗೆ ಕಳಿಸಲ್ಲ ಮೇಡಂ" ಎಂದಳು. ನಾನು ಅವನ ಪರ ಮಾತಾಡಲಿಲ್ಲ. ಅವಳು ಮಾಡಿದ್ದು ಸರಿ. ಈಗಲಾದರೂ ಚಂದಾ ಕಟ್ಟಿ ಎಂದು ಅವನಿಗೆ ಇನ್ನೊಮ್ಮೆ ಹೇಳಿದೆ, ಕೇಳಿಸಿಕೊಳ್ಳಲಿಲ್ಲ. ಆಷಾಢದ ಹೊತ್ತಿಗೆ ಅಂಗಡಿಯಲ್ಲಿ ಗೋಡೆ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಖಾಲಿ ಮಾಡುತ್ತೇನೆಂದು ಮಾಲೀಕರಿಗೆ ಹೇಳಿದ.

ಕೊನೆಯ ದಿನ, ಅವನಲ್ಲಿ ಉಳಿದಿದ್ದ ನನ್ನ ಹಸ್ತಪ್ರತಿ ತರಲು ಹೋದೆ. ಬಾಗಿಲಲ್ಲಿ ಗೂಡ್ಸ್ ಆಟೋ ನಿಂತಿತ್ತು. ಕುರ್ಚಿ, ಬೀರು ಏರಿಸಿ ಆಗಿತ್ತು, ಕಂಪ್ಯೂಟರಿನ ಮೇಜು ಮಾತ್ರ ಒಳಗಿತ್ತು. ಗುರುಬಸಪ್ಪ ಅದರ ಮುಂದೆ ನಿಂತುಕೊಂಡೇ ಟೈಪ್ ಮಾಡುತ್ತಿದ್ದ. ನನ್ನನ್ನು ಕಂಡು ಪರದೆ ತಿರುಗಿಸಿ, ಇಂಗ್ಲಿಷ್ ತಿದ್ದಿಕೊಡಿ ಎಂದ.

ಒಂದೂವರೆ ಪುಟದ ಬರಹ. ಆ ಉಚಿತ ತಂತ್ರಾಂಶವನ್ನು ದೇಶದೇಶಗಳ ಜನ ಸೇರಿ ತಿದ್ದುತ್ತಾರಂತೆ, ದೋಷ ಕಂಡವರು ಅವರಿಗೆ ಬರೆದು ತಿಳಿಸಬಹುದಂತೆ. ಮೇಘಶ್ರೀಯ ಒಂದೇ ಪುಟವನ್ನು ಇವನು ಅರವತ್ತು ಬಗೆಯಲ್ಲಿ ಹೊಡೆದು, ಒಂದೊಂದನ್ನೂ ತನ್ನ ತಂತ್ರಾಂಶದಲ್ಲೂ ಮರೆಪ್ಪನ ಅಂಗಡಿಯ ಚಂದಾ ತಂತ್ರಾಂಶದಲ್ಲೂ ತೆರೆದು ನೋಡಿ, ಕನ್ನಡದ ಟಿಪ್ಪಣಿ ಎಷ್ಟು ಉದ್ದವಾದರೆ ಸಾಲು ಜಾರುತ್ತದೆಂದು ಕಂಡುಹಿಡಿದಿದ್ದ. ಮೂರು ವಾರದ ಕೆಲಸ.

"ಇದಕ್ಕೆ ಅವರು ಏನು ಕೊಡುತ್ತಾರೆ?" ಎಂದೆ.

"ಏನೂ ಇಲ್ಲ."

"ನಿಮಗೆ ಕೆಲಸ ವಾಪಸ್ ಬರುತ್ತದೆಯೇ?"

"ಇಲ್ಲ. ಆ 'ದಿ' ಅಲ್ಲಿ ಬೇಕಾ ಬೇಡ್ವಾ, ಅದು ಹೇಳಿ ಮೇಡಂ."

ಬೇಕು ಎಂದೆ. ಸೇರಿಸಿ ಕಳಿಸಿದ. ಆಟೋದವನು ಹಾರ್ನ್ ಒತ್ತಿದ. ಗುರುಬಸಪ್ಪ, "ಸ್ವಲ್ಪ ತಡಿಯಪ್ಪ" ಎಂದು, ಪುಟಸಂಖ್ಯೆ ತಪ್ಪುವ ಇನ್ನೊಂದು ದೋಷದ ಬಗ್ಗೆ ಹೊಸ ಹಾಳೆ ತೆರೆದ.