ಭೀಮಬಾಯಿಯ ಹತ್ತು ಸೇರಿನ ಗಂಟು

ಔರಾದ ಕಡೆಯ ಎಕಂಬಾದಲ್ಲಿ ಯಾರು ಪ್ರಯಾಣ ಹೊರಟರೂ ಮೊದಲು ಭೀಮಬಾಯಿಯ ಮನೆಗೇ ಬರುತ್ತಿದ್ದರು. ಅವಳು ಕಟ್ಟಿದ ಗಂಟು ದಾರಿಯಲ್ಲಿ ಬಿಚ್ಚುತ್ತಿರಲಿಲ್ಲ, ಒಳಗಿನ ರೊಟ್ಟಿ ಮುರಿಯುತ್ತಿರಲಿಲ್ಲ. ಗಂಡ ಬದುಕಿದ್ದಾಗ ಒಮ್ಮೆ ಬೀದರಿನ ಕಚೇರಿಗೆ ಹೋದವನು ಅವಳ ಗಂಟು ಬಿಚ್ಚಲಾಗದೆ ದಿನವಿಡೀ ಹಸಿದಿದ್ದು, ಬುತ್ತಿಯನ್ನು ಹಾಗೇ ವಾಪಸು ತಂದಿದ್ದ. ಪಾಪ, ಒಳ್ಳೆಯ ಮನುಷ್ಯ. ಅದಿರಲಿ.

ಮಗಳು ಶಿವಕಾಂತಾ ಮದರಾಸಿನಲ್ಲಿದ್ದಳು. ಎರಡು ಕೂಸುಗಳು ಹುಟ್ಟಿ ಉಳಿದಿರಲಿಲ್ಲ. ಈಗ ಮೂರನೆಯ ಬಸಿರು. ತವರಿಗೆ ಕಳಿಸಲು ಡಾಕ್ಟರು ಒಪ್ಪದ ಕಾರಣ ತವರೇ ಅವಳಿದ್ದಲ್ಲಿಗೆ ಹೋಗಬೇಕಾಯಿತು. ಅಳಿಯ ಅಲ್ಲಿಯ ವಿಮಾನದ ಬಯಲಲ್ಲೇ ಕೆಲಸದಲ್ಲಿದ್ದ. ಅವನಿಂದ ವಿಮಾನದ ಟಿಕೀಟು ಬಂತು, ಜೊತೆಗೆ ಕಾಗದ: 'ಕೈಯಲ್ಲಿ ಒಂದೇ ಗಂಟು, ಹತ್ತು ಸೇರು ಮೀರಬಾರದು. ಮನುಷ್ಯರನ್ನೂ ತೂಗುತ್ತಾರೆ, ಗಾಬರಿಯಾಗಬೇಡಿ.'

ಕೂಸು ಉಳಿಯದ ಮನೆಯಲ್ಲಿ ಐದು ಮನೆಯ ಬಟ್ಟೆ ಬೇಡಿ ತಂದು ಕೌದಿ ಹೊಲಿಯುತ್ತಾರೆ. ಬೇಡಿ ತಂದ ಬಟ್ಟೆಯ ಮೇಲೆ ಮಲಗಿದ ಕೂಸು ಐದು ಮನೆಯ ಕೂಸಾಗುತ್ತದೆ, ಉಳಿಯುತ್ತದೆ ಎಂಬ ನಂಬಿಕೆ. ಭೀಮಬಾಯಿ ಸೆರಗೊಡ್ಡಿ ಹೊರಟಳು. ನಾಲ್ಕನೆಯ ಮನೆ ಕುರುಬರದು, ಐದನೆಯದು ಶಾಕಿರಾ ಬೇಗಮ್ಮಳದು.

"ಇಷ್ಟೇ ಸಾಕೇನು ಭೀಮಾ ಅಕ್ಕಾ?" ಎಂದು ಶಾಕಿರಾ ತಲೆಗೆ ಹೊದೆಯುವ ಹಸಿರು ಓಢಣಿಯನ್ನು ಅರ್ಧಕ್ಕೆ ಹರಿದುಕೊಟ್ಟಳು. "ಹೆಣ್ಣು ಹುಟ್ಟಿದ್ರ ಉಳದರ್ಧ ಆಕಿಗೇ ಇಟ್ಟಿರ್ತೇನಿ."

ತಾಯಿ ಮಗು ಇಬ್ಬರೂ ಮಲಗಲಿ ಎಂದು ಕೌದಿಯನ್ನು ಅಗಲಕ್ಕೇ ಹೊಲಿದಳು. ಅದೇ ಮೂರು ಸೇರು ಆಯಿತು. ಬಾಣಂತಿಗೆ ಅಂಟಿನುಂಡೆ, ಖಾರದ ಪುಡಿ, ತನ್ನದೊಂದು ಸೀರೆ, ಅಳಿಯನಿಗೆ ಇಷ್ಟವೆಂದು ಕಡಕ್ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಎರಡೂ ಕೂಡಿ ಎರಡು ಸೇರಿನ ಬುತ್ತಿ. ಎಲ್ಲ ಕಟ್ಟಿಕೊಂಡು ಭಾಲ್ಕಿಗೆ ತಮ್ಮ ಹಾವಗೆಪ್ಪನ ಮನೆಗೆ ಬಂದಳು.

ಹಾವಗೆಪ್ಪ ಅಡತಿ ಅಂಗಡಿಯಲ್ಲಿ ತೊಗರಿ ತೂಗುವವನು. ಮೂವತ್ತು ವರ್ಷ ತಕ್ಕಡಿ ಹಿಡಿದ ಕೈ. ಗಂಟು ತೂಗಿದ: ಹನ್ನೆರಡು ಸೇರು.

"ಅಕ್ಕಾ, ಮನುಷ್ಯಾರನ್ನ ಯಾಕ ತೂಗ್ತಾರ ಹೇಳು? ನಾವು ಚೀಲ, ಕಾಳು ಕೂಡಿ ತೂಗಿದ್ಹಾಂಗ, ಆಳು, ಗಂಟು ಕೂಡಿ ಒಟ್ಟು ಭಾರ ನೋಡ್ಲಿಕ್ಕ. ನೀ ಎರಡು ಸೇರು ಇಳದ್ರ ಗಂಟು ಎರಡು ಸೇರು ಏರಬಹುದು."

ಮಾತು ಭೀಮಬಾಯಿಗೆ ಸರಿಯೆನಿಸಿತು. ಹೊರಡಲು ಇನ್ನೂ ಎಂಟು ದಿನವಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಒಂದು ಬಟ್ಟಲು ಅಂಬಲಿ ಕುಡಿದರೆ ಅಂದಿಗೆ ಮುಗಿಯಿತು. ತಮ್ಮನ ಹೆಂಡತಿ ಲಲಿತಾಬಾಯಿ ತಾಟು ಹಿಡಿದು ಹಿಂದೆ ಹಿಂದೆ ತಿರುಗಿದಳು.

"ಅಕ್ಕಾರ, ನಾಲ್ಕು ತುತ್ತು ಉಣ್ಣರಿ. ನೋಡಿದವ್ರು ನಾನೇ ಉಪವಾಸ ಕೆಡವೀನಿ ಅಂತಾರ."

"ಅನ್ಲಿ ಬಿಡು. ಕೌದಿ ಹಗುರ ಆಗಾಂಗಿಲ್ಲ, ನಾನೇ ಆಗಬೇಕು."

ದಿನಾ ಸಂಜೆ ಹಾವಗೆಪ್ಪ ಅವಳನ್ನು ಚೀಲ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂರಿಸುತ್ತಿದ್ದ. ಹಮಾಲರು ಮುಖ ತಿರುಗಿಸಿ ನಗುತ್ತಿದ್ದರು. ಎಂಟನೆಯ ದಿನಕ್ಕೆ ಸರಿಯಾಗಿ ಎರಡು ಸೇರು ಇಳಿದಿದ್ದಳು. ಕೈಯ ಬೆಳ್ಳಿ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಅವಳಿಗೆ ಅದೇ ಸಮಾಧಾನ.

ಅಕ್ಕ ತಮ್ಮ ರೈಲು ಹತ್ತಿ ಹೈದರಾಬಾದಿಗೆ ಬಂದರು. ವಿಮಾನದ ಬಯಲಲ್ಲಿ ತೂಗುವ ಗುಮಾಸ್ತ ಖಾಸಿಂ ಅಲಿ ಬೀದರಿನವನೇ. ಭೀಮಬಾಯಿ ತಾನೇ ಮೊದಲು ತಕ್ಕಡಿ ಹತ್ತಿ ನಿಂತಳು. ಆಮೇಲೆ ಗಂಟು.

"ಗಂಟು ಎರಡು ಸೇರು ಹೆಚ್ಚದರಿ ಅಮ್ಮಾ."

"ಹೌದಪ್ಪಾ. ನಾ ಎರಡು ಸೇರು ಕಡಿಮಿ ಅದೀನಲ್ಲ."

ಹಾವಗೆಪ್ಪ ಲೆಕ್ಕ ಬಿಡಿಸಿ ಹೇಳಿದ. ಖಾಸಿಂ ಅಲಿ ನಗಲಿಲ್ಲ. ಅವಳ ಬಳೆಯನ್ನೇ ನೋಡಿದ.

"ನಿಮ್ಮ ತೂಕ ವಿಮಾನ ನಡಸಾವ್ರಿಗಿ ಬೇಕರಿ. ಗಂಟಿನ ಕಾನೂನೇ ಬ್ಯಾರೆ. ಉಪವಾಸ ಇದ್ರೂ ಹತ್ತು, ಹೊಟ್ಟಿ ತುಂಬ ಉಂಡ್ರೂ ಹತ್ತೇ ಸೇರು. ಆ ಕೌದಿ ಬಿಟ್ಟು ಹೋಗ್ರಿ, ಮದರಾಸದಾಗ ಬಿಸಲು ಭಾಳ."

ಭೀಮಬಾಯಿ ಕೌದಿಯ ಮೇಲೆ ಕೈಯಿಟ್ಟು ಕುಳಿತುಬಿಟ್ಟಳು. ಉಂಡೆ ಬಿಟ್ಟರೆ ಮಗಳ ಸೊಂಟಕ್ಕೆ ಬಲವಿಲ್ಲ. ಕೌದಿ ಬಿಟ್ಟರೆ, ಆ ಮಾತನ್ನು ಅವಳು ಮನಸ್ಸಿನಲ್ಲೂ ಮುಗಿಸಲಿಲ್ಲ. ಆಮೇಲೆ ನಿಧಾನಕ್ಕೆ ರೊಟ್ಟಿಯ ಬುತ್ತಿಯನ್ನು ಹೊರಗೆ ತೆಗೆದಳು.

"ಅಳಿಯಗ ಅನ್ನಾನೂ ಸೇರ್ತದ," ಎಂದಳು.

"ಕೊಡು, ನಾ ಊರಿಗಿ ಒಯ್ತೇನಿ," ಎಂದ ಹಾವಗೆಪ್ಪ.

"ಮಗಳ ಮನಿಗಿ ಕಟ್ಟಿದ ಬುತ್ತಿ ತಿರುಗಿ ಮನಿಗಿ ಹೋಗಬಾರದು. ಅದು ನಿನಗ ಗೊತ್ತಿಲ್ಲೇನು? ಕೂಡು."

ಅಲ್ಲೇ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿತು. ಹಾವಗೆಪ್ಪ ತಿಂದ, ಇಬ್ಬರು ಕೂಲಿಗಳು ತಿಂದರು. ಖಾಸಿಂ ಅಲಿ ನಿಂತೇ ಒಂದು ರೊಟ್ಟಿ ಮುರಿದು, ಹಿಂಡಿ ಹಚ್ಚಿಕೊಂಡು, "ನಮ್ಮ ಅಮ್ಮೀ ಕೈ ರುಚಿ ಅದ," ಎಂದು ಇನ್ನೊಂದಕ್ಕೆ ಕೈ ಚಾಚಿದ. ಉಳಿದಿದ್ದನ್ನೆಲ್ಲ ಭೀಮಬಾಯಿ ಎಂಟು ದಿನದ ಹಸಿವಿಗೆ ಉಂಡಳು, ನೀರು ಕುಡಿದಳು. ಮತ್ತೆ ತೂಗಿದಾಗ ಗಂಟು ಸರಿಯಾಗಿ ಹತ್ತು ಸೇರು. ಅವಳು ಎಷ್ಟಾದಳೋ, ಖಾಸಿಂ ಅಲಿ ಬರೆದುಕೊಂಡ, ಬಾಯಿಬಿಟ್ಟು ಹೇಳಲಿಲ್ಲ.

ತಿಂಗಳ ಮೇಲೆ ಹಾವಗೆಪ್ಪನಿಗೆ ಅಳಿಯನ ಕಾಗದ ಬಂತು. ಹೆಣ್ಣು ಕೂಸು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿದೆವು, ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದೇವೆ, ಹಸಿರು ಬಟ್ಟೆ ಕಂಡರೆ ಕೈ ಆಡಿಸುತ್ತದೆ ಎಂದು ಬರೆದಿದ್ದ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: 'ಅತ್ತೆಯವರು ರೊಟ್ಟಿ ಯಾಕೆ ತರಲಿಲ್ಲ? ಕೇಳಿದರೆ, ನಿಮ್ಮನ್ನೇ ಕೇಳಿ ಎನ್ನುತ್ತಾರೆ.'