ಬಕೆಟ್ಟಿನ ಮುಂದೆ ಒಂದು ಹೂಂ

ಮಧುಗಿರಿ ಬಸ್ ಸ್ಟ್ಯಾಂಡಿನ ಗೋಬಿ ಗಾಡಿಯವನು ಬಾಣಲೆಗೆ ವಿನೆಗರ್ ಸುರಿದಾಗ ಏಳುವ ಹುಳಿ ಘಾಟಿಗೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನಾನು ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಮೊನ್ನೆ ಭಾನುವಾರವೂ ಹಾಗೇ ಆಯಿತು. ನಮ್ಮನೆಯವರು ಎರಡು ಪ್ಲೇಟ್ ಹೇಳಿ ಬೆಂಚಿನ ಮೇಲೆ ಕೂತರು. ನಾನು ಆ ವಾಸನೆಯ ಹಿಂದೆಯೇ ಪಕ್ಕದ ಮನೆ ತಾತನ ಜಗಲಿಗೆ ಮನಸ್ಸಿನಲ್ಲೇ ಹೋಗಿಬಿಟ್ಟಿದ್ದೆ...

ತಾತ ನಮಗೆ ನೆಂಟರಲ್ಲ. ಪಾವಗಡದ ಕಡೆಯವರು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. ವಯಸ್ಸಿನಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ ಹಡಗು ರಿಪೇರಿ ಮಾಡಿಕೊಂಡಿದ್ದು, ಆಮೇಲೆ ನಮ್ಮ ಗೋಡೆಗೆ ಅಂಟಿದ ಮನೆಗೆ ಬಾಡಿಗೆಗೆ ಬಂದವರು. ಜಗಲಿಯ ಮೇಲೆ ಕೂತು ಬೀದಿಯವರ ಕುಕ್ಕರು, ಸ್ಟೌವು ರಿಪೇರಿ ಮಾಡುತ್ತಿದ್ದರು. ನಮ್ಮ ಮನೆಯದು ಮಾತ್ರ ಬೇರೆಯೇ ಸಾಮಾನು.

ನಮ್ಮನೆಯವರ ಕೆಲಸ ನೀರಿಗಿಳಿಯುವುದು. ಬಾವಿಗೋ ಕ್ವಾರಿ ಹೊಂಡಕ್ಕೋ ಬಿದ್ದ ಮೋಟರು, ಪೈಪು ಎತ್ತಿಕೊಡುತ್ತಾರೆ. ಪೊಲೀಸರು ಕರೆದರೆ ಇನ್ನೊಂದು ಕೆಲಸವೂ ಇರುತ್ತದೆ, ಅದರ ಮಾತು ಮನೆಯಲ್ಲಿ ಆಡುವುದಿಲ್ಲ. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರು, ಬಾಯಿಗೆ ರೆಗ್ಯುಲೇಟರು. ಅಡುಗೆ ಗ್ಯಾಸಿನದ್ದಲ್ಲ; ಉಸಿರೆಳೆದಾಗ ಎಳೆದಷ್ಟೇ ಗಾಳಿ ಕೊಡುವ ಒಂದು ದುಂಡನೆ ಹಿತ್ತಾಳೆ ಡಬ್ಬಿ. ತಾತನೇ ಬಂದರಿನ ಹಳೇ ಸಾಮಾನಿನಲ್ಲಿ ಹುಡುಕಿಸಿ ತರಿಸಿಕೊಟ್ಟದ್ದು. ನನ್ನ ಮದುವೆಗಿಂತ ಹಳೆಯದು, ಕಂಡರೆ ಸವತಿಯನ್ನು ಕಂಡ ಹಾಗಾಗುತ್ತಿತ್ತು. ಒಮ್ಮೆ ಅದರ ರಬ್ಬರು ಒಣಗಿದೆಯೆಂದು ನಾನೇ ಕಡಲೆಕಾಯಿ ಎಣ್ಣೆ ಸವರಿದ್ದೆ. ತಾತ ಮೂಸಿ ನೋಡಿ, "ಇದ್ರಾಗೇನು ಬಜ್ಜಿ ಕರೀತೀಯಾ ಅಮ್ಮಾಯಿ? ರಬ್ಬರ್ ಊದ್ಕಂಡ್ರೆ ಗಾಳಿ ಬದ್ಲು ನೀರ್ ಬತ್ತದೆ" ಎಂದು ಬೈದಿದ್ದರು.

ಪ್ರತಿ ಸಲ ನೀರಿಗಿಳಿಯುವ ಮುಂಚೆ ತಾತ ಅದನ್ನು ಬಿಚ್ಚಿ, ಹಿತ್ತಾಳೆ ಭಾಗಗಳನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಹಾಕುತ್ತಿದ್ದರು. ಹಸಿರು ಕಿಲುಬು ಬಿಟ್ಟ ಮೇಲೆ ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿ ಜೋಡಿಸುತ್ತಿದ್ದರು. ಕೊನೆಗೆ ಒಳಗಿನ ಒಂದು ಸ್ಕ್ರೂ. ಅದು ಸಡಿಲವಾದರೆ ಗಾಳಿ ತಾನಾಗೇ ಸೋರಿಹೋಗುತ್ತದೆ, ಬಿಗಿಯಾದರೆ ಎಳೆಯುವವನ ಎದೆ ಒಡೆಯುತ್ತದೆ. ನಡುವಿನ ಕೂದಲೆಳೆಯಷ್ಟು ಜಾಗ ಹುಡುಕಲು ತಾತನ ಹತ್ತಿರ ಮೀಟರಿರಲಿಲ್ಲ, ಒಂದು ಬಕೆಟ್ ನೀರಿತ್ತು. ಸಿಲಿಂಡರಿಗೆ ಜೋಡಿಸಿ, ಬಾಯಿಗಿಡುವ ತುದಿಯನ್ನು ಮೇಲೆ ಮಾಡಿ ಡಬ್ಬಿಯನ್ನು ಮೆಲ್ಲಗೆ ಮುಳುಗಿಸುವುದು. ಎರಡು ಬೆರಳಿನಷ್ಟು ಮುಳುಗಿದಾಗ ಅದು ಸುಂಯ್ ಎನ್ನಬೇಕು. ಮೊದಲೇ ಅಂದರೆ ಸಡಿಲ, ತಡವಾದರೆ ಬಿಗಿ. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೇಳುತ್ತಿದ್ದರು.

"ಕೇಳುಸ್ತಾ ಅಮ್ಮಾಯಿ?"

"ಹೂಂ ತಾತ."

ಈ ಹೆದರುಪುಕ್ಕಲಿಗೆ ಧೈರ್ಯ ಬರಲಿ ಅಂತ ಕೇಳುತ್ತಾರೆ ಎಂದೇ ನಾನು ತಿಳಿದಿದ್ದೆ.

ಅವತ್ತು ಕೊರಟಗೆರೆ ದಾರಿಯ ಒಂದು ಕ್ವಾರಿ ಹೊಂಡಕ್ಕೆ ಪಂಪು ಬಿದ್ದಿತ್ತು. ಕರೆದುಕೊಂಡು ಹೋಗಲು ಬಂದ ಜೀಪು ಬೀದಿಯಲ್ಲಿ ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಡಬ್ಬಿ ನೀರು ಮುಟ್ಟಿತು. "ಕೇಳುಸ್ತಾ?" ಬೇಗ ಮುಗಿದರೆ ಸಾಕೆಂದು ಹೂಂ ಅಂದೆ. "ಇಷ್ಟ್ ಬೇಗ್ನಾ?" ಎಂದು ತಾತ ಸ್ಕ್ರೂ ತುಸು ಬಿಗಿ ಮಾಡಿದರು. ಮತ್ತೆ ಮುಳುಗಿಸಿದರು. ಮತ್ತೆ ಹೂಂ ಅಂದೆ. ಮತ್ತೆ ತಿರುಗಿಸಿದರು. ಆಮೇಲೆ ತಾವೇ ಬಾಯಿಗಿಟ್ಟು ಒಮ್ಮೆ ಎಳೆದು ನೋಡಿ, "ನಂದು ಮುದಿ ಎದೆ, ಇದ್ಕೆ ಎಲ್ಲಾ ಬಿಗಿನೇ. ನಿನ್ ಕಿವಿನೇ ಸರಿ ಬುಡು" ಎಂದರು. ಜೀಪು ಹೊರಟಿತು.

ಗಂಟೆ ಬಿಟ್ಟು ಉಪ್ಪಿಟ್ಟಿನ ತಟ್ಟೆ ಹಿಡಿದು ಹೋದೆ. ರಿಪೇರಿಗೆ ಬಂದ ಕುಕ್ಕರೊಂದನ್ನು ತಾತ ಒಲೆಯ ಮೇಲಿಟ್ಟಿದ್ದರು. ಅದು ಮನೆ ಹಾರಿಹೋಗುವಂತೆ ಕೂಗುತ್ತಿತ್ತು. ತಾತ ಅದಕ್ಕೆ ಬೆನ್ನು ಮಾಡಿ ಅರ ಉಜ್ಜುತ್ತಾ ಕೂತಿದ್ದರು. ನಾನು ಒಲೆ ಆರಿಸಿದೆ. ತಿರುಗಿ ನೋಡಿ, "ಕೂಗ್ತಾ ಇತ್ತಾ?" ಎಂದರು.

ಉಪ್ಪಿಟ್ಟಿನ ತಟ್ಟೆಯನ್ನು ಅಲ್ಲೇ ಕೆಳಗಿಟ್ಟೆ.

"ತಾತ, ನಿಮಗೆ ಸುಂಯ್ ಅನ್ನೋದು ಕೇಳ್ಸಲ್ವಾ?"

"ಮಾತ್ ಕೇಳುಸ್ತದೆ. ಸಣ್ ಸದ್ದೆಲ್ಲ ಬಂದರಿನಾಗೇ ಹೋಯ್ತು. ಅದ್ಕೇ ತಾನೇ ನಿನ್ನ ಕೂರುಸ್ಕೊಳ್ಳೋದು?"

"ಬೆಳಿಗ್ಗೆ ನಾನು ಕೇಳಿಸ್ಕೊಳ್ದಲೇ ಹೂಂ ಅಂದ್ಬುಟ್ಟೆ ತಾತ."

ಅವರು ಬೈಯಲಿಲ್ಲ. "ದೇವುಡಾ..." ಎಂದು ಎದ್ದವರೇ ಟಿವಿಎಸ್ ತೆಗೆದರು. ನಾನು ಹಿಂದೆ ಹತ್ತಿ ಕೂತೆ. ನಮ್ಮನೆಯವರ ಫೋನು ರಿಂಗಾಗುತ್ತಲೇ ಇತ್ತು, ಎತ್ತುವವರಿರಲಿಲ್ಲ. ಎತ್ತುತ್ತಿಲ್ಲ ಎಂದರೆ ಇಳಿಯಲು ಸಜ್ಜಾಗಿ ಫೋನು ದಡದಲ್ಲಿಟ್ಟಿದ್ದಾರೆ, ಇಲ್ಲವೇ ಇಳಿದೇಬಿಟ್ಟಿದ್ದಾರೆ. ಆ ದಾರಿಯನ್ನು ಹೇಗೆ ಸವೆಸಿದೆನೋ ಗೊತ್ತಿಲ್ಲ. ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಗೊರವನಹಳ್ಳಿ ಲಕ್ಷ್ಮಮ್ಮನಿಗೆ ಒಂದೇ ಹರಕೆಯನ್ನು ಮೂರು ಸಲ ಹೊತ್ತೆ.

ಹೊಂಡದ ದಡದಲ್ಲಿ ಒಬ್ಬ ಹಗ್ಗ ಹಿಡಿದು ನಿಂತಿದ್ದ. "ಈಗಿನ್ನಾ ಇಳುದ್ರು" ಎಂದ. ತಾತ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ನೀರನ್ನೇ ನೋಡಿದರು. ಗುಳ್ಳೆಗಳು ಬರುತ್ತಿದ್ದವು. ದೊಡ್ಡದಾಗಿ, ನಿಧಾನವಾಗಿ ಬರಬೇಕಾದವು ಚೂರುಚೂರಾಗಿ, ಒಂದರ ಹಿಂದೊಂದು ಅವಸರವಾಗಿ ಬರುತ್ತಿದ್ದವು. "ಎಳೀಲೇ ಹಗ್ಗಾನ!" ಎಂದು ತಾತ ಕೂಗಿದ ಕೂಗು ಬಂಡೆಗೆ ಬಡಿಯಿತು.

ನಮ್ಮನೆಯವರು ಮೇಲೆ ಬಂದಾಗ ತುಟಿ ನೀಲಿಯಾಗಿತ್ತು. ಡಬ್ಬಿಯನ್ನು ಉಗಿದು, ದಡಕ್ಕೆ ಬಿದ್ದು ಎದೆ ತಿಕ್ಕಿಕೊಂಡರು. ಮಾತು ಬಂದ ಮೇಲೆ, "ಏನ್ ಮಾಡ್ಬುಟ್ಟಿದ್ದೀಯ ತಾತ? ಎಷ್ಟ್ ಎಳುದ್ರೂ ಉಸ್ರು ಬರ್ತಾನೇ ಇಲ್ಲ!" ಎಂದರು.

ನಾನು ಬಾಯಿ ತೆರೆದೆ. ತಾತ ನನ್ನ ಕಡೆ ನೋಡಲೇ ಇಲ್ಲ.

"ನನ್ ಕೈ ತಪ್ಪು ಕಣಪ್ಪ. ಬಿಗಿ ಮಾಡ್ಬುಟ್ಟೆ."

ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಅಲ್ಲಿಂದಾಚೆಗೆ ಡಬ್ಬಿ ರಿಪೇರಿಗೆ ಬೆಂಗಳೂರಿಗೆ ಹೋಗತೊಡಗಿತು. ನಮ್ಮನೆಯವರು ತಾತನ ಜಗಲಿ ಹತ್ತುವುದನ್ನೇ ಬಿಟ್ಟರು. ತಾತನ ಜಗಲಿಯ ವಿನೆಗರ್ ಬೋಗುಣಿ ಒಣಗಿತು. ನಮ್ಮನೆಯವರು ಸಿಲಿಂಡರು ಹೊತ್ತು ಹೊರಟಾಗಲೆಲ್ಲ ತಾತ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಒಮ್ಮೆ ತಡೆಯಲಾರದೆ, "ನಿಜ ಹೇಳ್ಬುಡ್ಲಾ ತಾತ?" ಎಂದೆ. "ಬ್ಯಾಡ ಅಮ್ಮಾಯಿ. ನಿನ್ ಮೇಲೆ ನಂಬ್ಕೆ ಹೋದ್ರೆ ಮನೆ ಒಳಗೇ ಉಸ್ರು ಕಟ್ತದೆ. ನನ್ ಮೇಲ್ ಹೋದ್ರೆ ಏನಾತು, ಕುಕ್ಕರ್ ಐತಲ್ಲ" ಎಂದರು. ಆ ಮಾತಿಗೆ ನನಗೆ ಆದದ್ದು ದುಃಖವಲ್ಲ, ನಿರಾಳ. ಇವತ್ತಿಗೂ ನನ್ನನ್ನು ತಿನ್ನುವುದು ಅದೇ. ಹೋದ ವರ್ಷ ತಾತ ತೀರಿಕೊಂಡರು. ಮಣ್ಣು ಹಾಕಲು ಹೋದವರು ನಮ್ಮನೆಯವರು. ನಾನು ಅವರ ಜಗಲಿಯ ಬಕೆಟ್ಟನ್ನು ನಮ್ಮ ಮನೆಗೆ ತಂದಿಟ್ಟುಕೊಂಡೆ. ಈಗ ಬೆಂಗಳೂರಿನಿಂದ ಸರಿಯಾಗಿ ಬಂದ ಡಬ್ಬಿಯನ್ನೂ ಅದರಲ್ಲಿ ಮುಳುಗಿಸಿ, ಸುಂಯ್ ಅನ್ನುವುದನ್ನು ಕಿವಿಯಾರೆ ಕೇಳಿದ ಮೇಲೇ ಕೈಬಿಡುತ್ತೇನೆ. ಅಷ್ಟಾದರೂ, ಅವರ ಬೈಕು ವಾಪಸ್ಸು ಬರುವ ತನಕ ಬಾಗಿಲು ಬಿಟ್ಟು ಕದಲುವುದಿಲ್ಲ.

ಮೊನ್ನೆ ಗೋಬಿ ಗಾಡಿಯ ಮುಂದೆ ಅವರೇ ಮಾತು ತೆಗೆದರು. "ಈ ವಾಸ್ನೆಗೆ ತಾತ ನೆನ್ಪಾಗ್ತಾನೆ ನೋಡು. ಒಳ್ಳೇ ಮನ್ಸ. ಆದ್ರೂ ಅವತ್ತು ನನ್ ಕತೆ ಮುಗಿಸ್ಬುಡ್ತಿದ್ದ" ಎಂದು ನಕ್ಕರು.

"ತಾತ ಅಲ್ಲ ಕಣ್ರೀ," ಎಂದೆ. "ಕೇಳಿಸ್ಕೊಳ್ದಲೇ ಹೂಂ ಅಂದೋಳು ನಾನು." ಉಳಿದದ್ದನ್ನೂ ಹೇಳಿದೆ. ಹೇಳುವಾಗ ಅವರ ಮುಖ ನೋಡಲಾಗದೆ ತಟ್ಟೆಯನ್ನೇ ನೋಡುತ್ತಿದ್ದೆ.

ಅವರು ತಮ್ಮ ತಟ್ಟೆಯನ್ನು ಬೆಂಚಿನ ಮೇಲಿಟ್ಟರು. ನನ್ನ ಮೇಲೆ ರೇಗುತ್ತಾರೆಂದು ಕಾದೆ. ಕೊನೆಗೆ ಕೇಳಿದ್ದು ಒಂದೇ.

"ಸಾಯೋಗಂಟ ಆ ತಾತನ್ ಜಗ್ಲಿ ಹತ್ತಲಿಲ್ವಲ್ಲೇ ನಾನು... ಯಾಕೇಂತ ಅವನ್ಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.